ಒಂದೇ ಗುಂಡಿನ ಅಂಕಲ್

ಅವರ ಬಲ ಮುಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗಂಟಿತ್ತು. ಎಂದೋ ಎಮ್ಮೆ ಒದ್ದು ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡದ್ದು. ನಾನು ಮೊದಲು ನೋಡಿದಾಗ ಆ ಕೈ ಒಂದು ಕರಿ ರೈಫಲ್ಲನ್ನು ಗಾಜಿನ ಕೌಂಟರಿನ ಮೇಲೆ, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಮಲಗಿಸುತ್ತಿತ್ತು. ತಲೆಯೆತ್ತಿದರೆ ಹಣೆಯ ಮೇಲೆ ಮೂರು ಗೆರೆ ವಿಭೂತಿ! ನಾನು ಫೋನಿನಲ್ಲಿ ಹೆಂಡತಿಗೆ "ಬಂದಿದೀನಿ ಕಣೇ, ಅಂಗಡಿ ಒಳಗೇ ಇದೀನಿ" ಅನ್ನುತ್ತಿದ್ದುದು ಅವರ ಕಿವಿಗೆ ಬಿದ್ದಿರಬೇಕು. "ಏನ್ ಬೇಕಾಗಿತ್ರಿ?" ಅಂದರು. ಟೆಕ್ಸಸ್‌ನ ಫುಲ್‌ಶೀರ್ ದಾರಿಯ ಬಂದೂಕಿನ ಅಂಗಡಿಯಲ್ಲಿ ಬಾಗಲಕೋಟೆ ಕನ್ನಡ ಕೇಳಿ ನನ್ನ ಕೈಯಿಂದ ಫೋನು ಜಾರುವುದೊಂದು ಬಾಕಿ.

ನಾನು ಅಲ್ಲಿಗೆ ಹೋಗಿದ್ದು ಅವರೆಕಾಯಿಯ ದೆಸೆಯಿಂದ. ಫುಲ್‌ಶೀರ್ ಆಚೆ ಆರು ಎಕರೆ ಜಮೀನು ತಗೊಂಡು, ಶನಿವಾರ ಭಾನುವಾರ ಮೈಮುರಿದು, ಮೈಸೂರಿನ ಬೀಜ ಹಾಕಿ ಅವರೆ ಬೆಳೆದಿದ್ದೆ. ಸೊಗಡು ಬರುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಬಂದು ಟ್ರ್ಯಾಕ್ಟರ್ ಹೊಡೆದ ಹಾಗೆ ನೆಲ ಮಗುಚಿ ಹೋಯಿತು. ಬೇಲಿ ಹಾಕಿದೆ, ಬೇಲಿಯನ್ನೂ ಮಗುಚಿದವು. ನನಗೋ ಮೂಗಿನ ತುದಿಯಲ್ಲೇ ಕೋಪ. ಟೆಕ್ಸಸ್‌ನಲ್ಲಿ ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ, ರೈಫಲ್. ಮೊಟ್ಟೆಯನ್ನೂ ಮುಟ್ಟದ ನಾನು ಸಾಫ್ಟ್‌ವೇರಿನವರು ಕಾರು ಕೊಳ್ಳುವಾಗ ಮಾಡುವುದನ್ನೇ ಮಾಡಿದೆ. ಸ್ಪ್ರೆಡ್‌ಶೀಟ್ ಹಾಕಿದೆ. ಒಂದೇ ಸೆಮಿ ಆಟೋಮ್ಯಾಟಿಕ್ ರೈಫಲ್ಲು ಹಂದಿಗೂ ಆಗಬೇಕು, ಜಿಂಕೆಗೂ ಆಗಬೇಕು, ಆಫೀಸಿನವರು ದಕ್ಷಿಣ ಟೆಕ್ಸಸ್‌ಗೆ, ನಮ್ಮ ದೇಶದಿಂದ ಹೋಗಿ ಅಲ್ಲಿ ಕಾಡುಬಿದ್ದಿರುವ ನೀಲಗಾಯಿಯ ಬೇಟೆಗೆ ಕರೆದರೆ ಅಲ್ಲಿಗೂ ಆಗಬೇಕು. ಯಾವ ಕ್ಯಾಲಿಬರ್, ಅಂದರೆ ಗುಂಡು ಎಷ್ಟು ದಪ್ಪ ಇರಬೇಕು? ಭುಜಕ್ಕೆ ಎಷ್ಟು ಒದೆಯುತ್ತದೆ, ಗುಂಡು ತುಂಬುವ ಮ್ಯಾಗಜೀನಿನಲ್ಲಿ ಎಷ್ಟು ಹಿಡಿಯುತ್ತದೆ, ಎಲ್ಲಕ್ಕೂ ಅಂಕ ಕೊಟ್ಟು ಕೂಡಿದ್ದೆ. ಟೂ ಟ್ವೆಂಟಿ ಥ್ರೀ ಅನ್ನುವ ಸಣ್ಣ ಗುಂಡು ಮೊದಲ ರ‍್ಯಾಂಕು ಬಂದಿತ್ತು.

ಅವರು ಕನ್ನಡಕ ಏರಿಸಿ ನನ್ನ ಫೋನಿನ ಶೀಟನ್ನು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಒಂದು ಚೀಟಿಯ ಹಿಂದೆ ಹಂದಿಯ ಚಿತ್ರ ಬರೆದು ಪೆನ್ನು ನನ್ನ ಕೈಗೆ ಕೊಟ್ಟರು.

"ಇದರ ಹೃದಯ ಎಲ್ಲೈತಿ, ತೋರಸ್ರಿ."

ನಾನು ಹೊಟ್ಟೆಯ ನಡುಮಧ್ಯೆ ಚುಕ್ಕಿ ಇಟ್ಟೆ.

"ಅದು ಕಳ್ಳು," ಅಂದರು, ಕರುಳು ಅನ್ನುವುದಕ್ಕೆ. "ಅಲ್ಲಿ ಹೊಡದ್ರ ಅದು ಸಂಜೀತನಕ ಸಾಯಂಗಿಲ್ಲ." ಮುಂಗಾಲಿನ ಹಿಂದೆ, ಬಹಳ ಕೆಳಗೆ, ನಾನು ಊಹಿಸದ ಜಾಗದಲ್ಲಿ ತಾವೊಂದು ಚುಕ್ಕಿ ಇಟ್ಟರು. "ಸಣ್ಣ ಗುಂಡಿಗೂ ಸಾಯ್ತೈತ್ರಿ, ಹೊಡಿಯೋ ಕೈ ಕಲ್ತಿದ್ರ. ನಿಮ್ಮ ಕೈ ಕಲ್ತಿಲ್ಲ. ದಪ್ಪ ಗುಂಡಿಂದು, ತ್ರೀ ಓ ಏಟ್ ತಗೋರಿ. ಹಂದಿ, ಜಿಂಕಿ, ಎರಡಕ್ಕೂ ಆಗ್ತೈತಿ. ಹತ್ತಿರದಿಂದ, ಜಾಗಾ ನೋಡಿ ಹೊಡದ್ರ ನೀಲಗಾಯಿಗೂ. ಮೂರು ತಿಂಗಳು ಗುರಿ ಬರೆದ ಕಾಗದ ಹೊಡೀರಿ. ಆಮ್ಯಾಲ ಹೊಲಕ್ಕ ಹೋಗೋ ಮಾತು."

"ಸಣ್ಣದಾದರೆ ಮೂವತ್ತು ಗುಂಡು ಹಿಡಿಯುತ್ತಲ್ಲ ಅಂಕಲ್, ಒಂದಲ್ಲ ಒಂದು ತಾಗಲ್ವಾ?"

ಆ ಮಾತಿಗೆ ಅವರ ಮುಖ ಕಪ್ಪಿಟ್ಟಿತು. "ಮೂವತ್ತಕ್ಕ ಮೂವತ್ತೂ ತಾಗಿದ್ರ ಏನ್ ಮಾಡ್ತೀರಿ? ಒಂದೇ ಗುಂಡು. ಅದಕ್ಕ ಅದು ಸಾಯಬೇಕು. ನಿಮಗ ನಾ ಸಣ್ಣದನ್ನ ಮಾರಂಗಿಲ್ಲ, ಹೋಗ್ರಿ."

ಮಾರುವವರೇ ಮಾರುವುದಿಲ್ಲ ಅಂದರೆ! ನಾನು ದಂಗಾಗಿ ನಿಂತಿದ್ದು ನೋಡಿ ಅವರಿಗೇ ನಗು ಬಂತು. ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ ಫ್ಲಾಸ್ಕಿನ ಚಹಾ ಕೊಟ್ಟರು. ಮೂವತ್ತು ವರ್ಷ ಬಾಗಲಕೋಟೆ ಕಡೆ ಸರ್ಕಾರಿ ಪಶುವೈದ್ಯರಾಗಿದ್ದವರಂತೆ. ಮಗಳ ಹಿಂದೆ ಶುಗರ್ ಲ್ಯಾಂಡ್‌ಗೆ ಬಂದಾಗ ಇಲ್ಲಿ ಆ ಓದು ನಡೆಯಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರುವುದು ಅವರಿಗೆ ಆಗಲಿಲ್ಲ. ಈ ಅಂಗಡಿಯ ಮಾಲೀಕನ ನಾಯಿಗೆ ಏನೋ ಆಗಿದ್ದಾಗ ಸಲಹೆ ಕೊಟ್ಟು, ಹಾಗೇ ಕೌಂಟರಿನ ಹಿಂದೆ ನಿಂತುಬಿಟ್ಟರು. ಬೇಟೆಗಾರರಿಗೆ ಪ್ರಾಣಿಯ ಒಳಗನ್ನು ಬಿಡಿಸಿ ಹೇಳುವವರು ಆ ಸೀಮೆಯಲ್ಲೇ ಬೇರೆ ಯಾರೂ ಇರಲಿಲ್ಲ.

"ಆಂಟಿ ಒಪ್ಪಿದ್ರಾ?" ಅಂದೆ.

"ಎಲ್ಲಿ ಒಪ್ತಾಳ! ಕೊರಳಿನ ಲಿಂಗ ಮುಟ್ಟಿಸಿ ಆಣಿ ಮಾಡಿಸ್ಕೊಂಡಾಳ. ಮಾರ್ತೀನಿ, ಕಲಿಸ್ತೀನಿ, ಕಾಗದ ಹೊಡೀತೀನಿ. ಜೀವ ಮಾತ್ರ ತಗಿಯಂಗಿಲ್ಲ." ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟರು. "ಇನ್ನತನ ಉಳಿಸ್ಕೊಂಡೀನಿ."

ಇಷ್ಟು ಕೇಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಎಲ್ಲಿ ಬರುತ್ತೆ? ನನ್ನ ಶೀಟಿಗೆ ಅವಮಾನ ಆಯಿತಲ್ಲ! ಮುಂದಿನ ವಾರ ಕೆಲಸದ ಮೇಲೆ ರೌಂಡ್ ರಾಕ್‌ಗೆ ಡ್ರೈವ್ ಮಾಡಿದವನು ವಾಪಸ್ ಬರುವಾಗ ಆಸ್ಟಿನ್ನಿನ ಇನ್ನೊಂದು ಅಂಗಡಿಯಿಂದ ಆ ಸಣ್ಣ ಗುಂಡಿನ ರೈಫಲ್ಲನ್ನೇ ತಂದೆ. ಒಂದೇ ಒಂದು ಮಧ್ಯಾಹ್ನ ಪ್ರಾಕ್ಟೀಸು ಮಾಡಿದೆ. ತಗಡಿನ ಡಬ್ಬಗಳು ಠಣ್ ಠಣ್ ಅಂತ ಉರುಳಿದವು, ನಾನೂ ಬೇಟೆಗಾರ ಆಗಿಬಿಟ್ಟೆ ಅಂದುಕೊಂಡೆ.

ಆ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅವರೆ ಸಾಲಿನಲ್ಲಿ ಏಳು ಹಂದಿ ಇದ್ದವು. ದೊಡ್ಡ ಹೆಣ್ಣೊಂದಕ್ಕೆ ಗುರಿಯಿಟ್ಟು ಒತ್ತಿದೆ. ಬಿತ್ತು. ಬಿದ್ದದ್ದು ಎದ್ದಿತು. ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ, ಮ್ಯಾಗಜೀನು ಬರಿದಾಗುವವರೆಗೂ ಒತ್ತಿದೆ. ಹಿಂಗಾಲು ಎರಡೂ ಸತ್ತಿದ್ದ ಅದು ಮುಂಗಾಲಿನ ಮೇಲೆ ಮೈಯನ್ನು ಎಳೆದುಕೊಂಡು ಹಳ್ಳದ ಪೊದೆಯೊಳಗೆ ಹೋಯಿತು. ಹೋಗಿ ಕಿರುಚಲು ಶುರುಮಾಡಿತು. ಅಯ್ಯೋ ಶಿವನೇ, ಆ ಕಿರುಚಾಟ! ಮನುಷ್ಯರು ಕೂಗಿದ ಹಾಗೇ ಇತ್ತು. ನಾನು ಪೊದೆಯ ಹತ್ತಿರ ಹೋಗಲಾರದೆ, ಬಿಟ್ಟು ಬರಲಾರದೆ, ಅಂಗಡಿಯ ಅಂಕಲ್ ಅಂದು ಚಹಾ ಕುಡಿಯುವಾಗ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಯಾರಿಗೆ ಮಾಡಬೇಕು ಅಂತ ಯೋಚನೆ ಕೂಡ ಮಾಡಲಿಲ್ಲ.

ಅವರು ಬರಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷವೂ ಅದು ಕಿರುಚಿತು.

ಕಾರಿನಿಂದ ಇಳಿದವರ ಕೈಯಲ್ಲಿ ಅವರು ಕಾಗದ ಹೊಡೆಯುವ ತ್ರೀ ಓ ಏಟ್ ಇತ್ತು. ನನ್ನ ಮುಖ ನೋಡಲಿಲ್ಲ. ಸೀದಾ ಪೊದೆಯ ಹತ್ತಿರ ಹೋಗಿ, ಬಗ್ಗಿ ನೋಡಿ, ವಾಪಸ್ ಬಂದು ರೈಫಲ್ಲನ್ನು ನನ್ನ ಎದೆಗೆ ಚಾಚಿದರು.

"ತಗೋ. ಕಿವಿ ಹಿಂದ, ಇಷ್ಟ ಹತ್ತಿರದಿಂದ. ನಾ ನಿನ್ನ ಹಿಂದ ನಿಂತಿರ್ತೀನಿ." ಅಲ್ಲಿಯವರೆಗೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ್ದವರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ನನ್ನ ಕೈಲಾಗಲ್ಲ ಅಂಕಲ್," ಅಂದೆ.

"ನೀ ಹೊಡೀಬೇಕು ತಮ್ಮಾ. ನಂದು ಆಣಿ ಐತಿ."

"ಆಗಲ್ಲ ಅಂಕಲ್, ಸತ್ಯವಾಗ್ಲೂ ಆಗಲ್ಲ," ಅಂತ ಅತ್ತುಬಿಟ್ಟೆ. ನಲವತ್ತೆರಡು ವರ್ಷದ ಗಂಡಸು!

ಅವರು ಪೊದೆಯ ಕಡೆ ನೋಡಿದರು. ಒಳಗಿನ ಕೂಗು ಈಗ ಬಿಟ್ಟು ಬಿಟ್ಟು ಬರುತ್ತಿತ್ತು. ಕೊರಳಿನ ದಾರ ಬಿಚ್ಚಿ, ಲಿಂಗ ಇದ್ದ ಬೆಳ್ಳಿ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಅಂಗೈಯಲ್ಲಿ ಇಟ್ಟರು. "ಹಿಡಕೊಂಡಿರು," ಅಂದರು. ಪೊದೆಯೊಳಗೆ ಹೋದರು. ಒಂದೇ ಸದ್ದು. ಆಮೇಲೆ ಹೊಲದಲ್ಲಿ ಏನೂ ಕೇಳಿಸಲಿಲ್ಲ.

ಹೊರಗೆ ಬಂದು ನೆಲದ ಮೇಲೆ ಕೂತುಬಿಟ್ಟರು. ಅಂಗಿಯ ತೋಳೆಲ್ಲ ರಕ್ತ. ನಾನು ಕರಡಿಗೆ ವಾಪಸ್ ಕೊಟ್ಟು ಕಾಲು ಹಿಡಿಯಲು ಹೋದರೆ ಕೈ ತಳ್ಳಿದರು. "ಸಂಕಟದಾಗ ಬಿಟ್ಟು ಹೋಗೂದಕ್ಕ ಆಗ್ತಿದ್ದಿಲ್ಲ," ಅಂದರು. "ಇದನ್ನ ಯಾರಿಗೂ ಹೇಳಬ್ಯಾಡ." ನನ್ನ ಮಾನ ಉಳಿಸಲು ಹೇಳಿದ್ದು ಅಂದುಕೊಂಡೆ. ಒಳಗೊಳಗೇ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ?

ನನ್ನ ಆ ಸಣ್ಣ ಗುಂಡಿನ ರೈಫಲ್ ಮಾರಿದೆ. ಅವರಿಂದಲೇ ತ್ರೀ ಓ ಏಟ್ ತಗೊಂಡು, ಅವರ ಮುಂದೆಯೇ ಆರು ತಿಂಗಳು ಕಾಗದ ಹೊಡೆದೆ. ಉಸಿರು ಅರ್ಧ ಬಿಟ್ಟು ಒತ್ತುವುದನ್ನು ಕಲಿಸಿದರು, ಅದಕ್ಕಿಂತ ಹೆಚ್ಚಾಗಿ ಒತ್ತದೆ ಇರುವುದನ್ನು ಕಲಿಸಿದರು. ಪ್ರಾಣಿ ಸ್ವಲ್ಪ ಓರೆಯಾಗಿ ನಿಂತಿದ್ದರೂ "ಬಿಡು, ಹೋಗಲಿ ಅದು" ಅನ್ನುವರು. ಭಾನುವಾರ ಅವರ ಮನೆಯಲ್ಲೇ ಊಟ. ಆಂಟಿ ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಹಾಕಿ, "ಸಂಕೋಚ ಮಾಡಬ್ಯಾಡ್ರಿ" ಅಂತ ಎಣ್ಣೆಗಾಯಿ ಸುರಿಯುವರು. ಎರಡು ವರ್ಷ ಹೀಗೆ ನಡೆಯಿತು.

ಈ ವರ್ಷ ಬೇಸಿಗೆಗೆ ಮುಂಚೆ ಅವರು ಲಿಂಗೈಕ್ಯರಾದರು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಶಿವಗಣಾರಾಧನೆಯ ದಿನ ಡಾಲಸ್, ಆಸ್ಟಿನ್ನಿನಿಂದೆಲ್ಲ ಜನ ಬಂದಿದ್ದರು. ಊಟವಾಗಿ ಎಲ್ಲ ಹೊರಟ ಮೇಲೆ ಆಂಟಿ ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು.

"ನಿಮಗ ಗೊತ್ತಿದ್ರ ಹೇಳ್ರಿ ತಮ್ಮಾ. ಎರಡು ವರ್ಷದ ಹಿಂದ ಒಂದಿನ ಅಂಗಿ ತುಂಬ ರಕ್ತ ಮಾಡ್ಕೊಂಡು ಬಂದ್ರು. ಏನಂದ್ರ, ಹಂದಿ ಹೊಡದೆ ಅಂದ್ರು. ಯಾಕ ಅಂದ್ರ ಬಾಯಿ ಬಿಡಲಿಲ್ಲ. ಬೇಟೆ ಆಸೆಗೆ ಹೊಡದಾರ ಅಂತ ತಿಳಕೊಂಡೆ ನಾ. ಅವತ್ತಿನಿಂದ ಅವರನ್ನ ದೇವರ ಖೋಲಿಯೊಳಗ ಬಿಡಲಿಲ್ಲ. ಹೋಗೋತನಕ ಗ್ಯಾರೇಜಿನಾಗ ಕುಂತು ಲಿಂಗಪೂಜಿ ಮಾಡ್ಕೊಂಡ್ರು, ಕಾರಿನ ಬಾಜೂಕ. ಜನವರಿ ಥಂಡಿಯೊಳಗೂ."

 ಎಂಟು ಹೆಜ್ಜೆ ಆಚೆ ಆ ಗ್ಯಾರೇಜಿನ ಬಾಗಿಲಿತ್ತು. ಬಾಗಿಲ ಈಚೆ ಕೂತು ನಾನು ಎರಡು ವರ್ಷ ಬೆಣ್ಣೆ ರೊಟ್ಟಿ ತಿಂದಿದ್ದೆ. ಥೂ ನನ್ನ ಜನ್ಮಕ್ಕೆ!

ನಿಂತಲ್ಲೇ ಎಲ್ಲ ಹೇಳಿದೆ. ಶೀಟು, ಆಸ್ಟಿನ್ನಿನ ರೈಫಲ್ಲು, ನಲವತ್ತು ನಿಮಿಷ, ನನ್ನ ಕೈಲಾಗಲ್ಲ ಅಂದದ್ದು, ಅಂಗೈಯಲ್ಲಿ ಕರಡಿಗೆ ಇಟ್ಟದ್ದು, ಒಂದೂ ಬಿಡಲಿಲ್ಲ. ಬೈಯಲಿ, ಹೊಡೆಯಲಿ ಅಂತ ಕಾದೆ.

ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗ್ಯಾರೇಜಿನ ಬಾಗಿಲನ್ನೇ ನೋಡುತ್ತಿದ್ದರು.

"ನಿಮ್ಮ ಹೆಸರು ಹೇಳಿದ್ರ ನಿಮ್ಮನ್ನ ಈ ಮನಿ ಹೊಸ್ತಿಲು ತುಳಿಯೂದಕ್ಕ ಬಿಡ್ತಿದ್ದಿಲ್ಲ ನಾ," ಅಂದರು. "ಅದು ಅವರಿಗೆ ಗೊತ್ತಿತ್ತು."