ಐದನೆಯ ಅಂಗಿ

ಸಿನಿಮಾದಲ್ಲಿ ಬದುಕಿ ಮನೆಗೆ ಹೋಗುವ ಸೈನಿಕನಿಗೆ ನಾವು ಒಂದೇ ಅಂಗಿ ಹೊಲಿಯುತ್ತೇವೆ. ಸಾಯುವವನಿಗೆ ಐದು. ಗುಂಡು ತಗುಲಿದ ಅಂಗಿಗೆ ತೂತು ಬೀಳುತ್ತದೆ, ಕೆಂಪು ಬಣ್ಣ ಬಿಡುವುದಿಲ್ಲ, ಸಾವು ಒಂದೇ ಸಲಕ್ಕೆ ನಿರ್ದೇಶಕರ ಮನಸ್ಸಿಗೆ ಒಪ್ಪುವುದೂ ಇಲ್ಲ. ಲಾಸ್ ಏಂಜಲೀಸ್‌ನ ಈ ಹೊಲಿಗೆಮನೆಯಲ್ಲಿ ಮೂವತ್ತು ವರ್ಷ ನನ್ನ ಪಕ್ಕದ ಮಷಿನ್ನಿಗೆ ಕೂತವಳು ಎಲ್ವಿರಾ ಸೆಪೆದಾ. ಅವಳ ಒಬ್ಬನೇ ಮಗ ನಾಸಾರಿಯೊನನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವಳು ನಾನು. ಅಂದಿನಿಂದ ಅವಳು ನನ್ನನ್ನು, ನಾನು ಅವಳನ್ನು ಕರೆಯುವುದು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದೇ.

ಹುಡುಗನಿಗೆ ಹದಿನಾರಾದಾಗ, ನಾವು ಬಟ್ಟೆ ಹೊಲಿದಿದ್ದ ಒಂದು ಯುದ್ಧದ ಸಿನಿಮಾವನ್ನು ಕೆಲಸದವರ ಮನೆಮಂದಿಗೆಂದು ತೋರಿಸಿದರು. ಎಲ್ವಿರಾ ಬೀಗುತ್ತ ಮಗನನ್ನು ಕರೆತಂದಳು. ಕೊನೆಯ ಸಾವಿಗೆ ಅವನು ಬಿಕ್ಕಿಬಿಕ್ಕಿ ಅತ್ತ. ನಾನೂ ಅತ್ತೆ. ಆ ಅಂಗಿಯನ್ನು ಹೊಲಿದವಳು ನಾನೇ, ಆದರೂ ಅತ್ತೆ. ಅಂಥ ಹಾಳು ಶಕ್ತಿ ಅದಕ್ಕೆ! ಎರಡು ವರ್ಷಕ್ಕೆ ನಾಸಾರಿಯೊ ಸೈನ್ಯ ಸೇರಿದ. ಇರಾಕಿನಿಂದ ಪೆಟ್ಟಿಗೆಯಲ್ಲಿ ಬಂದ. ತೆರೆದು ನೋಡುವುದು ಬೇಡ ಎಂದು ಅಧಿಕಾರಿಗಳು ಹೇಳಿದರು, ಇವಳು ನೋಡಲಿಲ್ಲ.

ಹೊಟ್ಟೆಪಾಡು ಕೇಳಬೇಕಲ್ಲ, ಮತ್ತೆ ಮಷಿನ್ನಿಗೆ ಕೂತಳು. ವರ್ಷಗಟ್ಟಲೆ ಅವನ ಮಾತೆತ್ತಲಿಲ್ಲ. ಕಳೆದ ವರ್ಷ ಇನ್ನೊಂದು ಯುದ್ಧದ ಸಿನಿಮಾ ಬಂತು. ಮಾತಿಲ್ಲದ ಪಾತ್ರಗಳ ಎದೆಪಟ್ಟಿಗೆ ಹೆಸರಿಡುವುದು ನಮಗೇ ಬಿಟ್ಟ ಕೆಲಸ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂದು ಎಲ್ವಿರಾ ಎರಡೆರಡು ಸಲ ವಿಚಾರಿಸಿದಳು. ರೇಡಿಯೊ ಹೊರುವ ಹುಡುಗ ಕೊನೆಗೆ ವಿಮಾನ ಹತ್ತುತ್ತಾನೆಂದು ಖಾತ್ರಿಯಾದ ಮೇಲೆ ಅವನ ಎದೆಗೆ ‘ಸೆಪೆದಾ’ ಎಂದು ಹೊಲಿದಳು.

"ಒಂದ್ಸಲನಾದ್ರೂ ಮನೆಗೆ ಬರ್ಲಿ, ಕೊಮಾದ್ರೆ," ಅಂದಳು. 

ಮೂರು ವಾರಕ್ಕೆ ಚಿತ್ರೀಕರಣದ ಕಡೆಯಿಂದ ಚೀಟಿ ಬಂತು. ಸೆಪೆದಾ, ಇನ್ನೂ ನಾಲ್ಕು ಅಂಗಿ. ಬೇರೇನೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನಾನು ಹೊಲಿಯುತ್ತೇನೆ ಕೊಡು ಎಂದರೆ ಕೊಡಲಿಲ್ಲ. ನಾಲ್ಕನ್ನೂ ತಾನೇ ಹೊಲಿದಳು, ಒಂದು ಹೊಲಿಗೆಯೂ ಓರೆಯಾಗಲಿಲ್ಲ.

ಅಂಗಿ ಬದಲಿಸಲು ನಮ್ಮಿಬ್ಬರನ್ನೂ ಮರುಭೂಮಿಯ ಸೆಟ್ಟಿಗೆ ಕರೆಸಿದರು. ಎಲ್ವಿರಾ ನೇರ ನಿರ್ದೇಶಕರ ಬಳಿ ಹೋಗಿ, ಹುಡುಗನನ್ನು ಉಳಿಸಿ, ಆಗದಿದ್ದರೆ ಹೆಸರನ್ನಾದರೂ ಬದಲಿಸಿ ಎಂದು ಕೇಳಿದಳು. ಯಾರ ಹೆಸರೆಂಬುದನ್ನೂ ಹೇಳಿದಳು. ಆತ ಕೆಟ್ಟವನಲ್ಲ, ಕುರ್ಚಿ ಎಳೆದು ಕೂರಿಸಿದ. ಹಿಂದಿನ ದೃಶ್ಯಗಳಲ್ಲೆಲ್ಲ ಆ ಹೆಸರು ಕಾಣುತ್ತಿದೆ, ಈಗ ಬದಲಿಸಲಾಗದು ಎಂದ.

"ಆ ಹುಡುಗನ ಮುಖ ನೋಡಿ, ಎಲ್ವಿರಾ ಅವರೇ. ಅವನು ಮನೆಗೆ ಹೋದ್ರೆ ಯಾರೂ ಅಳಲ್ಲ. ಜನ ಅತ್ರೇನೇ ಯುದ್ಧ ಬೇಡ ಅನ್ಸೋದು."

"ನನ್ನ ಮಗನೂ ಅತ್ತಿದ್ದ, ಸರ್. ಅತ್ತು, ಕಣ್ಣೊರೆಸ್ಕೊಂಡು, ಹೋಗಿ ಸೇರ್ಕೊಂಡ."

 ಆದರೂ ಕೆಲಸ ನಿಲ್ಲಲಿಲ್ಲ.

ಹುಡುಗ ಬಿದ್ದ. ಎದ್ದು ಮರಳು ಕೊಡವಿಕೊಂಡು ನಮ್ಮ ಬಳಿ ಬಂದ. ಎಲ್ವಿರಾ ತೊಯ್ದ ಅಂಗಿ ಬಿಚ್ಚಿದಳು, ಎದೆ ಒರೆಸಿದಳು, ಹೊಸದನ್ನು ತೊಡಿಸಿ ಕುತ್ತಿಗೆಯವರೆಗೂ ಗುಂಡಿ ಹಾಕಿದಳು. ಮಗನ ಪೆಟ್ಟಿಗೆ ತೆರೆಯಲಾಗದ ಕೈಗಳಿಗೆ ಅವತ್ತು ಆ ಕೆಲಸ ಸಿಕ್ಕಿತು. ಹುಡುಗ ಸಂಕೋಚದಿಂದ, ತಾನೇ ಹಾಕಿಕೊಳ್ಳುತ್ತೇನೆ ಎಂದ. ಅವಳು ಬಿಡಲಿಲ್ಲ. ಅವನು ಮತ್ತೆ ಬಿದ್ದ, ಮತ್ತೆ ಎದ್ದುಬಂದ. ನಾಲ್ಕನೆಯ ಸಲ ಬಿದ್ದಾಗ ಕ್ಯಾಮೆರಾದ ಹಿಂದಿದ್ದವರೂ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ನಾಚಿಕೆಗೆಟ್ಟವಳು.

ನಿರ್ದೇಶಕರು ಇನ್ನೊಂದು ಸಲ ತೆಗೆಯೋಣ ಎಂದರು.

"ಅಂಗಿ ಮುಗೀತು, ಸರ್," ಅಂದಳು ಎಲ್ವಿರಾ.

ಐದು ಇರಬೇಕಿತ್ತಲ್ಲ ಎಂದು ಆತ ನನ್ನ ಕಡೆ ತಿರುಗಿದ. ಅಷ್ಟು ಬಿಸಿಲಿನಲ್ಲೂ ಎಲ್ವಿರಾ ಸ್ವೆಟರಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಹೊಟ್ಟೆಯ ಮೇಲೆ ಕೈ ಒತ್ತಿ ನಿಂತಿದ್ದಳು. ನಾಸಾರಿಯೊ ಹೊಟ್ಟೆಯಲ್ಲಿದ್ದಾಗಲೂ ಹೀಗೇ ನಿಲ್ಲುತ್ತಿದ್ದಳು.

"ಎಲ್ಲಾ ಸೇರಿ ನಾಲ್ಕೇ ಇದ್ದಿದ್ದು," ಅಂದೆ.

ಆ ಐದನೆಯ ಅಂಗಿ ಈಗ ಅವಳ ಮನೆಯಲ್ಲಿ, ನಾಸಾರಿಯೊನ ಬೀರುವಿನಲ್ಲಿ ತೂಗುತ್ತಿದೆ. ಎದೆಯ ಮೇಲೆ ಹೆಸರಿದೆ, ತೂತಿಲ್ಲ.