ಎಡ ಭುಜಕ್ಕೇರಿದ ಬಂದೂಕು

ನಮ್ಮ ದೊಡ್ಡಮ್ಮ ಬ್ಯಾಂಕಿನ ಬಾಗಿಲಲ್ಲಿ ತನ್ನದೇ ಲೈಸೆನ್ಸಿನ ಜೋಡುನಳಿಗೆಯ ಬಂದೂಕು ಹಿಡಿದು ನಿಲ್ಲುತ್ತಾಳೆ. ಮೆಟ್ಟಿಲಲ್ಲಿ ಜಾರಿ ಬಲ ಭುಜದ ಮೂಳೆ ಮುರಿದುಕೊಂಡಾಗ ಮ್ಯಾನೇಜರು ಮನೆಗೇ ಬಂದಿದ್ದರು. "ಇನ್ಮೇಲೆ ಟೋಕನ್ ಕೊಡೋ ಕೆಲಸ ಮಾಡಿ, ಆರಾಮಾಗಿರುತ್ತೆ" ಎಂದರು. ದೊಡ್ಡಮ್ಮ ಅವರಿಗೆ ಚಹಾ ಕೊಟ್ಟು ಕಳಿಸಿದಳು.

ಮೂಳೆ ಕೂಡಿತು. ಗುಂಡು ಹಾರಿದಾಗ ಬಂದೂಕು ಕೊಡುವ ಒದೆತ ತಾಳುವ ಶಕ್ತಿ ಮಾತ್ರ ಮರಳಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ಗುರಿ ಪರೀಕ್ಷೆ ಹತ್ತಿರವಿತ್ತು. ಅದರಲ್ಲಿ ಸೋತರೆ ಬಾಗಿಲು ಬೇರೆಯವರ ಪಾಲು. ದೊಡ್ಡಮ್ಮ ತನ್ನ ಎಡ ಭುಜವನ್ನು ಶಾಲೆಗೆ ಹಾಕಿದಳು.

ದಿನಾ ಬೆಳಗ್ಗೆ ಬಂದೂಕು ಖಾಲಿಯಿದೆಯೆಂದು ನೋಡಿ, ಮತ್ತೊಮ್ಮೆ ನೋಡಿ, ಶುರು ಮಾಡುವಳು. ಬೀರುವಿನ ಮರೆಯಲ್ಲಿ ಮಂಡಿಯೂರಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಅದನ್ನು ಎಡ ಭುಜಕ್ಕೇರಿಸುವಳು. ಬಲಗೈ ಜೋತುಬಿಟ್ಟು, ಬಂದೂಕನ್ನು ಮಂಡಿಗಳ ನಡುವೆ ಸಿಕ್ಕಿಸಿ, ಎಡಗೈಯೊಂದರಲ್ಲೇ ಮದ್ದಿಲ್ಲದ ಹುಸಿ ತೋಟಾ ತುಂಬುವಳು. ಕೆಳಗೆ ಬಿದ್ದರೆ ಹೆಕ್ಕಿ ಮತ್ತೆ ತುಂಬುವಳು.

"ಅಲ್ವೇ, ನಮ್ಮನೆ ದೋಚೋಕೆ ಯಾವ ಕಳ್ಳ ಬರ್ತಾನೆ? ಬಂದ್ರೆ ಆ ತೂತು ಬಾಣಲೆ ಕೊಟ್ಟು ಕಳಿಸು" ಎಂದು ಅವಳ ಅತ್ತೆ ಛೇಡಿಸಿದರು.

"ಬರೋನು ಹೇಳಿ ಕೇಳಿ ಬರಲ್ಲ ಅತ್ತೆ. ನಾನು ಕೂತಿರ್ತೀನೋ, ಕೈಗೆ ಪೆಟ್ಟು ಬಿದ್ದಿರುತ್ತೋ."

"ಹಾಗಾದ್ರೆ ಜರುಗು, ಒಲೆ ಮೇಲೆ ಹಾಲಿದೆ. ಅದೂ ಹೇಳಿ ಕೇಳಿ ಉಕ್ಕಲ್ಲ."

ಪರೀಕ್ಷೆಯ ದಿನ ಮೈದಾನದಲ್ಲಿ ಕಾವಲುಗಾರರೆಲ್ಲ ಸಾಲಾಗಿ ನಿಂತಿದ್ದರು. ದೊಡ್ಡಮ್ಮನ ಬಂದೂಕು ಎಡ ಭುಜಕ್ಕೇರಿದ್ದು ಕಂಡು ಪರೀಕ್ಷಕ ಕೂಗಿದ.

"ಏನಮ್ಮಾ, ಯಾವ ಕೈಲಿ ಊಟ ಮಾಡ್ತೀಯ ಅನ್ನೋದೂ ಮರೆತೋಯ್ತಾ? ಬಲಕ್ಕೆ ಹಾಕು!"

"ಬಲ ಭುಜ ಮುರಿದಿತ್ತು ಸಾರ್."

"ಹಾಗಾದ್ರೆ ಮನೇಲಿರು. ಸಾಲಲ್ಲಿ ಎಲ್ಲರೂ ಒಂದೇ ಕಡೆ ತಿರುಗಿರಬೇಕು. ನಡಿ ಹಿಂದಕ್ಕೆ."

ದೊಡ್ಡಮ್ಮ ಬಂದೂಕಿನಿಂದ ತೋಟಾ ತೆಗೆದು, ಅದನ್ನು ಎದುರಿನ ಮೇಜಿನ ಮೇಲಿಟ್ಟಳು. ಹಿಂದೆ ಮಾತ್ರ ಸರಿಯಲಿಲ್ಲ. ಉಳಿದವರು ಹೊಡೆದು ಮುಗಿಸಿದರೂ ಅವಳು ಗುಂಡು ಹೊಡೆಯುವ ಗೆರೆಯ ಮೇಲೇ ಇದ್ದಳು. ಗೆರೆಯಲ್ಲಿ ಒಬ್ಬರು ನಿಂತಿದ್ದರೂ ಅಪಾಯ ಸಾರುವ ಕೆಂಪು ಬಾವುಟ ಇಳಿಸುವಂತಿಲ್ಲ. ಬಾವುಟ ಇಳಿಯದೆ ಗುರಿಹಲಗೆ ನೋಡಲು ಯಾರೂ ಮುಂದೆ ಹೋಗುವಂತಿಲ್ಲ. ಎಲ್ಲರ ಫಲಿತಾಂಶವೂ ಆಚೆ ತುದಿಯ ಹಲಗೆಗಳಲ್ಲೇ ಉಳಿಯಿತು. ಬಿಸಿಲು ನೆತ್ತಿಗೇರಿತು.

"ಅಕ್ಕಾ, ಬಿಟ್ಬಿಡಕ್ಕಾ, ಹೊಟ್ಟೆ ತಾಳ ಹಾಕ್ತಿದೆ" ಎಂದು ಹಿಂದಿನಿಂದ ಒಬ್ಬ ಗೋಗರೆದ.

"ಸಾಹೇಬರಿಗೆ ಹೇಳಪ್ಪ. ನಾನು ಹೊಡೆದ ತಕ್ಷಣ ಎಲ್ಲರಿಗೂ ಊಟ."

ಪರೀಕ್ಷಕ ದಾಪುಗಾಲಿಟ್ಟು ಬಂದ. "ಎಂಥಾ ಹಟಮಾರಿ ಹೆಂಗಸು ನೀನು!"

"ಅದಕ್ಕೇ ಸಾರ್ ಬಾಗಿಲಲ್ಲಿ ನಿಲ್ಲಿಸಿರೋದು."

"ಗುರಿ ತಪ್ಪಿದ್ರೆ?"

"ನಾಳೆಯಿಂದ ಟೋಕನ್ ಕೊಡ್ತೀನಿ."

"ಸರಿ, ಮಂಡಿಯೂರು. ತೋಟಾನೂ ಎಡಗೈಲೇ ತುಂಬು, ನೋಡೋಣ" ಎಂದ, ಸೋಲಿಸಲೆಂದೇ.

ದೊಡ್ಡಮ್ಮ ಮಂಡಿಯೂರಿದಳು. ತುಂಬಿದಳು, ಹೊಡೆದಳು. ಮತ್ತೆ ತುಂಬಿ ಹೊಡೆದಳು.

ಬಾವುಟ ಇಳಿದ ಮೇಲೆ ಪರೀಕ್ಷಕ ಅವಳ ಹಲಗೆಯ ತೂತುಗಳ ಮೇಲೆ ಬೆರಳಾಡಿಸಿದ. ನಡುವಿನ ವೃತ್ತ ಜರಡಿಯಾಗಿತ್ತು. ತೇರ್ಗಡೆ ಎಂದು ಬರೆದು ರುಜು ಹಾಕಿದವನು, ತಲೆ ಎತ್ತದೆಯೇ, "ಮುಂದಿನ ವರ್ಷ ಆ ಭುಜ ಸರಿ ಮಾಡ್ಕೊಂಡು ಬಾ" ಎಂದ.

"ಮುಂದಿನ ವರ್ಷ ನೀವು ಎಡಗೈಯೋರಿಗೂ ಒಂದು ಜಾಗ ಮಾಡಿಡಿ ಸಾರ್" ಎನ್ನುತ್ತ ದೊಡ್ಡಮ್ಮ ಬಂದೂಕನ್ನು ಚೀಲಕ್ಕಿಳಿಸಿದಳು.