ನಾನು ತಿದ್ದಿದ ಉತ್ತರ

ನಮ್ಮ ತರ್ಕಶಾಸ್ತ್ರದ ಮಾಸ್ತರರಿಗೆ ಸಿಟ್ಟು ಬಂದರೆ ಮೊದಲು ಎಡಗಿವಿ ಕೆಂಪಾಗುತ್ತಿತ್ತು, ಆಮೇಲೆ ಬಲಗಿವಿ. ಎರಡೂ ಕೆಂಪಾದದ್ದನ್ನು ಕಂಡವರು ನಾಗಪುರದ ಆ ಕಾಲೇಜಿನಲ್ಲಿ ಇಬ್ಬರೇ: ಪ್ರಿನ್ಸಿಪಾಲರು ಮತ್ತು ನಾನು.

ಮಾಸ್ತರರು ಧಾರವಾಡದ ಕಡೆಯವರು. ನಾಗಪುರದ ಬಿಸಿಲಿನಲ್ಲೂ ಕರಿ ಕೋಟು ಬಿಡದವರು. ನನಗಿಂತ ಮೇಲಿನ ತರಗತಿಯಲ್ಲಿ ರೈಲ್ವೆ ಗಾರ್ಡೊಬ್ಬರ ಮಗನಿದ್ದ, ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರ್ವಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಅವನು ಬಿ.ಎ. ಪರೀಕ್ಷೆಗೆ ಕೂರಬಹುದಿತ್ತು. ಅವನು ಹೇಳಿದ್ದನ್ನು ಬರೆಯಲು ಮಾಸ್ತರರು ನನ್ನನ್ನು ಆರಿಸಿದರು. ನನ್ನ ಅಕ್ಷರ ದುಂಡಗಿತ್ತು, ತಲೆ ಖಾಲಿಯಿತ್ತು. ಈ ಕೆಲಸಕ್ಕೆ ಎರಡೂ ಬೇಕು.

"ನೀ ಬರೇ ಪೆನ್ನು," ಅಂದಿದ್ದರು. "ಪೆನ್ನು ವಿಚಾರ ಮಾಡೂದಿಲ್ಲ. ಒಂದೊಂದು ಉತ್ತರ ಬರದ ಮ್ಯಾಲೆ ಅವಂಗ ಓದಿ ಕೇಳಸಬೇಕು."

ಪರೀಕ್ಷೆಯಲ್ಲಿ ಅವನು ಹೇಳಿದ: ಮಳೆ ಬಂದರೆ ನೆಲ ಒದ್ದೆಯಾಗುತ್ತದೆ, ಆದರೆ ನೆಲ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಮಳೆ ಬಂದಿದೆ ಎನ್ನಲಾಗದು. ನನ್ನ ಕರುಳು ಚುರ್ ಎಂದಿತು. ಪಾಪ, ಒದ್ದೆ ನೆಲವನ್ನು ಕಣ್ಣಾರೆ ಕಂಡವನಲ್ಲ! ‘ಖಂಡಿತ ಮಳೆ ಬಂದಿದೆ’ ಎಂದು ಬರೆದೆ. ಓದಿ ಕೇಳಿಸುವಾಗ ಮಾತ್ರ ಅವನ ಮಾತನ್ನೇ ಒಪ್ಪಿಸಿದೆ. ತರ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ನಾನು ಹೀಗೆ ಇನ್ನೂ ನಾಲ್ಕು ಉತ್ತರಗಳನ್ನು ಉದ್ಧಾರ ಮಾಡಿದೆ. ಅವನು ಫೇಲಾದ.

ಸಂಶಯ ಬಂದ ಮಾಸ್ತರರು ಇಬ್ಬರನ್ನೂ ಕರೆಸಿ ಉತ್ತರ ಓದಿದರು. ಅವನು ಮೆಲ್ಲಗೆ, "ಇದು ನಾ ಹೇಳಿದ್ದಲ್ರೀ, ಸರ್," ಅಂದ. ಎಡಗಿವಿ ಕೆಂಪಾಯಿತು. ನಾನು ಕನಿಕರದಿಂದ ಮಾಡಿದೆ ಅಂದೆ. ಬಲಗಿವಿಯೂ ಆಯಿತು.

"ನಳ ಒಡದ್ರೂ ನೆಲ ತೊಯ್ತದಲೇ, ಕತ್ತೆ. ಅವಂಗ ಕಣ್ಣಿಲ್ಲ, ಬಾಯಿ ಇತ್ತು. ಅದನ್ನೂ ನೀ ಕಸ್ಕೊಂಡಿ."

ಅದೇ ಕೆಂಪು ಕಿವಿಗಳಲ್ಲಿ ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರು. ಪ್ರಿನ್ಸಿಪಾಲರಿಗೆ ಕಾಲೇಜಿನ ಮರ್ಯಾದೆಯ ಚಿಂತೆ. ಬಿಚಾರಾ, ಪಾಪದ ಕುರುಡ, ನಾಲ್ಕು ಅಂಕ ಹಾಕಿ ಪಾಸು ಮಾಡಿ, ಮಾತು ಮುಗಿಸಿ ಎಂದು ಚಹಾ ತರಿಸಿದರು. ಮಾಸ್ತರರು ಚಹಾ ಮುಟ್ಟಲಿಲ್ಲ. "ಭೀಕ್ ಮತ್ ದೀಜಿಯೆ ಸಾಹೇಬ್, ಪರೀಕ್ಷಾ ದೀಜಿಯೆ," ಅಂದರು; ಭಿಕ್ಷೆ ಬೇಡ, ಮತ್ತೊಮ್ಮೆ ಪರೀಕ್ಷೆ ಕೊಡಿ ಎಂದು. ನನ್ನಿಂದ ತಪ್ಪೊಪ್ಪಿಗೆ ಬರೆಸಿ, ಕೆಳಗೆ ‘ಇವನನ್ನು ಆರಿಸಿದವನು, ನಿಗಾ ಇಡದವನು ನಾನು’ ಎಂದು ತಾವೇ ಬರೆದು ಸಹಿ ಹಾಕಿದರು.

ಮರುಪರೀಕ್ಷೆ ನಡೆಯಿತು. ಬೇರೆಯವನು ಬರೆದುಕೊಟ್ಟ, ಗಾರ್ಡಿನ ಮಗ ಪಾಸಾದ. ತಪ್ಪು ಮಾಡಿದ ನನಗೆ ಏನೂ ಆಗಲಿಲ್ಲ. ಒಪ್ಪಿಕೊಂಡ ಮಾಸ್ತರರ ಕೈಯಿಂದ ತರ್ಕ ವಿಭಾಗದ ಮುಖ್ಯಸ್ಥಾನವನ್ನು ಪ್ರಿನ್ಸಿಪಾಲರು ಕಿತ್ತು ಕಿರಿಯರೊಬ್ಬರಿಗೆ ಕೊಟ್ಟರು. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಮರುವರ್ಷದ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಪ್ರಿನ್ಸಿಪಾಲರು, ಅವರು ಕುರುಡರ ಮೇಲೆ ದಯೆಯ ಮಳೆ ಸುರಿಸಿದ ಪುಣ್ಯಾತ್ಮರು ಎಂದು ಕಣ್ಣೊರೆಸಿಕೊಂಡರು. ನನ್ನ ಮೈ ಉರಿದುಹೋಯಿತು. ದಯೆಯಲ್ಲ ಸುಳ್ಳುಗಾರಾ, ಎಂದು ಕೂಗಲು ಕುರ್ಚಿಯಿಂದ ಅರ್ಧ ಎದ್ದೆ. ಸಭೆಗೆಂದು ಬಂದು ಪಕ್ಕದಲ್ಲಿ ಕೂತಿದ್ದ ಗಾರ್ಡಿನ ಮಗ ನನ್ನ ಅಂಗಿ ಹಿಡಿದು ಎಳೆದ.

"ಕುಂದರಪಾ. ನಂದು ನಾ ಹೇಳ್ತೀನಿ."

ನಾನು ಕೂತೆ. ಅವನು ಎದ್ದು ನಿಂತ.